ತಾರಾಯಾನ ನೋಡಿದ ಹೆಂಗಸರು

ನೀಲಗಿರಿ ಜಿಲ್ಲೆಯ ಕುಂದಾ ಸೀಮೆಯಲ್ಲಿ, ಉದಕಮಂಡಲದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ಅವಲಾಂಚ್ ಎಂಬ ಸ್ಥಳವಿದೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಅಲ್ಲಿ ಗುಡ್ಡ ಜರಿದು ಬಿದ್ದುದನ್ನು ಕಂಡು ಇಂಗ್ಲಿಷರು ತಮ್ಮ ಭಾಷೆಯಲ್ಲಿಟ್ಟ ಹೆಸರು ಹಾಗೆಯೇ ಉಳಿದುಕೊಂಡಿದೆ. 2019ರ ಆಗಸ್ಟಿನಲ್ಲಿ ಒಂದೇ ದಿನ 800 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದಾಗ ಆ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಉಳಿದ ದಿನಗಳಲ್ಲಿ ಅದು ಕಾಡು, ನೀರು, ಮಂಜುಗಳ ಊರು. ಅಲ್ಲಿಯ ಮತ್ತು ನೆರೆಯ ಎಮರಾಲ್ಡಿನ ಅಣೆಕಟ್ಟುಗಳು ಕುಂದಾ ಜಲವಿದ್ಯುತ್ ಯೋಜನೆಗೆ ಸೇರಿದವು. ಬೆಟ್ಟದ ನೀರು ಬಯಲಿಗೆ ಬೆಳಕಾಗಿ ಇಳಿಯುತ್ತದೆ.

ಅದೇ ಬೆಟ್ಟಗಳ ನಡುವೆ, ಮುತ್ತೊರೈ ಎಂಬಲ್ಲಿ, 1970ರಿಂದ ಒಂದು ದೊಡ್ಡ ರೇಡಿಯೋ ದೂರದರ್ಶಕವಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪ್ ಮತ್ತು ಸಂಗಡಿಗರು ಕಟ್ಟಿದ ಇದರ ಉದ್ದ 530 ಮೀಟರ್, ಅಗಲ 30 ಮೀಟರ್. ಗುಡ್ಡದ ಇಳಿಜಾರು ಆ ಸ್ಥಳದ ಅಕ್ಷಾಂಶಕ್ಕೆ ಸರಿಯಾಗಿ 11 ಡಿಗ್ರಿಯಷ್ಟು ಇರುವುದರಿಂದ ಯಂತ್ರದ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗಿ ನಿಲ್ಲುತ್ತದೆ. ಆ ಒಂದು ಅಚ್ಚಿನ ಸುತ್ತ ಮೆಲ್ಲನೆ ತಿರುಗಿಸುತ್ತ ಹೋದರೆ ಸಾಕು, ಆಕಾಶದ ಒಂದು ನೆಲೆಯನ್ನು ಒಂಬತ್ತು ಗಂಟೆಗೂ ಮಿಕ್ಕಿ ಹಿಂಬಾಲಿಸಬಹುದು. ಗುಡ್ಡವನ್ನೇ ಯಂತ್ರದ ಭಾಗ ಮಾಡಿಕೊಂಡ ಜಾಣ್ಮೆ ಇದು.

ಕೋಟ್ಯಂತರ ಮೈಲು ಆಚೆಯ ಸದ್ದನ್ನು ಕೇಳುವ ಈ ಗುಡ್ಡಗಾಡಿನಲ್ಲಿ ಮನೆಯ ಟಿ.ವಿ.ಗೆ ಚಿತ್ರ ಬರುವುದು ಮಾತ್ರ ಹಿಂದೆ ಸುಲಭದ ಮಾತಾಗಿರಲಿಲ್ಲ. ದೂರದರ್ಶನದ ಅಲೆಗಳು ಬಹುಮಟ್ಟಿಗೆ ನೇರವಾಗಿ ಹೋಗುವಂಥವು. ನಡುವೆ ಒಂದು ಗುಡ್ಡ ಅಡ್ಡ ಬಂದರೆ ಈಚೆಯ ಮನೆಗೆ ಚಿತ್ರ, ಆಚೆಯ ಮನೆಗೆ ಬರಿಯ ಚುಕ್ಕಿ ಮಳೆ. ಮಾಡಿನ ಮೇಲೆ ಆಂಟೆನಾ ತಿರುಗಿಸುವವನೊಬ್ಬ, ಅಂಗಳದಲ್ಲಿ ನಿಂತು ಕೂಗುವವನೊಬ್ಬ, ಒಳಗೆ ಪರದೆ ನೋಡಿ "ಬಂತು, ಹೋಯಿತು" ಎನ್ನುವವಳೊಬ್ಬಳು. ಈ ಚಿತ್ರ ನೀಲಗಿರಿಗೆ ಹೇಗೋ ಕಾಸರಗೋಡಿನ ಗುಡ್ಡೆಗಳಿಗೂ ಹಾಗೆಯೇ ಸಲ್ಲುತ್ತದೆ. ನಾವೂ ಅವರೂ ಒಂದು ಕಾಲಕ್ಕೆ ಒಂದೇ ಮದರಾಸು ಆಧಿಪತ್ಯಕ್ಕೆ ಸೇರಿದ್ದವರು. ಈಗ ಅವರು ತಮಿಳುನಾಡಿನಲ್ಲಿ, ನಾವು ಕೇರಳದಲ್ಲಿ. ಮಾತೃಭಾಷೆಯಲ್ಲದ ಭಾಷೆಯಲ್ಲಿ ಟಿ.ವಿ. ನೋಡುವ ಅಭ್ಯಾಸ ಇಬ್ಬರಿಗೂ ಉಂಟು. ಆ ಪರದೆಯ ಮುಂದೆ ಕುಳಿತ ಹೆಂಗಸರ ಕುರಿತು, ಅದರಲ್ಲಿಯೂ ಆಕಾಶದ ಕಥೆಗಳನ್ನು ಮೆಚ್ಚಿದ ಹೆಂಗಸರ ಕುರಿತು, ಎರಡು ಮಾತು ಬರೆಯಬೇಕೆಂದು ನಮಗೆ ತೋರಿತು.

ಭಾನುವಾರದ ಆಕಾಶನೌಕೆ

1980ರ ದಶಕದ ಮಧ್ಯಭಾಗದಲ್ಲಿ ದೂರದರ್ಶನವು ಭಾನುವಾರ ಬೆಳಿಗ್ಗೆ 'ಸ್ಟಾರ್ ಟ್ರೆಕ್' ಎಂಬ ಅಮೇರಿಕದ ಧಾರಾವಾಹಿಯನ್ನು ತೋರಿಸುತ್ತಿತ್ತು. ತಾರೆಗಳ ನಡುವಿನ ಯಾನ ಎಂದು ಅದರ ಅರ್ಥ. 'ಎಂಟರ್‌ಪ್ರೈಸ್' ಎಂಬ ನೌಕೆ, ಕರ್ಕ್ ಎಂಬ ಅದರ ನಾಯಕ, ಕಿವಿ ಚೂಪಾದ ಸ್ಪಾಕ್ ಎಂಬ ಜೊತೆಗಾರ, ವಾರಕ್ಕೊಂದು ಹೊಸ ಲೋಕ. ಆ ಬಳಿಕ ನಮ್ಮ ದೇಶದವೇ ಆದ 'ಸ್ಪೇಸ್ ಸಿಟಿ ಸಿಗ್ಮಾ', 'ಇಂದ್ರಧನುಷ್', 1998ರಲ್ಲಿ 'ಕ್ಯಾಪ್ಟನ್ ವ್ಯೋಮ್' ಬಂದವು. ಇವೆಲ್ಲ ಹಿಂದಿಯಲ್ಲಿ. ಕನ್ನಡದ ಮನೆಯಲ್ಲಿ ಹುಟ್ಟಿ, ನೆರೆಯಲ್ಲಿ ಮಲಯಾಳ ಕೇಳಿ, ಹಿಂದಿ ಅಥವಾ ಇಂಗ್ಲಿಷಿನ ಆಕಾಶಕಥೆ ನೋಡುವ ಹುಡುಗಿಗೆ ಕಥೆಯ ಅರ್ಧ ಕಣ್ಣಿಗೆ ಸಿಕ್ಕಿದರೆ ಉಳಿದರ್ಧವನ್ನು ಮನಸ್ಸು ಕಟ್ಟಿಕೊಳ್ಳಬೇಕು.

ಭಾನುವಾರ ಎಂದರೆ ಮನೆಗೆಲ್ಲ ರಜೆ, ಅಡುಗೆಮನೆಗೆ ಮಾತ್ರ ಇಲ್ಲ. ದೋಸೆಯ ಕಾವಲಿ ಒಲೆಯ ಮೇಲಿರುವ ಹೊತ್ತಿನಲ್ಲಿಯೇ ನೌಕೆ ಹೊರಡುತ್ತದೆ. ಗಂಡಸರು, ಮಕ್ಕಳು ಚಾವಡಿಯಲ್ಲಿ ಕುಳಿತು ನೋಡುವಾಗ ಹೆಂಗಸರು ಬಾಗಿಲ ಚೌಕಟ್ಟಿಗೆ ಒರಗಿ ನೋಡುವುದು ಎಷ್ಟು ಮನೆಗಳಲ್ಲಿ ರೂಢಿ ಎಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ. "ನಿನಗೇನು ತಿಳಿಯುತ್ತದೆ ಇದರಲ್ಲಿ?" ಎಂಬ ಮಾತೂ ರೂಢಿಯೇ. ವಿಜ್ಞಾನ, ರಾಕೆಟ್ಟು, ನಕ್ಷತ್ರಗಳೆಂದರೆ ಗಂಡುಮಕ್ಕಳ ಸ್ವತ್ತು, ಹೆಂಗಸರಿಗೆ ಅತ್ತೆ ಸೊಸೆಯರ ಕಥೆ ಸಾಕು ಎಂಬುದು ಆ ಮಾತಿನ ಒಳಗಿನ ಅರ್ಥ. ಹಾಗಾದರೆ ಆ ಧಾರಾವಾಹಿಯನ್ನು ಅದರ ತವರಿನಲ್ಲಿ ಉಳಿಸಿದವರು ಯಾರು ಎಂದು ನೋಡೋಣ.

ಲಕ್ಷ ಕಾಗದಗಳ ಕಥೆ

'ಸ್ಟಾರ್ ಟ್ರೆಕ್' ಅಮೇರಿಕದಲ್ಲಿ ಮೊದಲು ಪ್ರಸಾರವಾದುದು 1966ರ ಸೆಪ್ಟೆಂಬರ್ 8ರಂದು. ಕಲ್ಪನೆ ಜೀನ್ ರಾಡನ್‌ಬೆರಿ ಎಂಬವರದು. ಆದರೆ ಅದನ್ನು ತಯಾರಿಸಿದ 'ಡೆಸಿಲೂ' ಸ್ಟುಡಿಯೋದ ಒಡತಿ ಲೂಸಿಲ್ ಬಾಲ್ ಎಂಬ ಹಾಸ್ಯನಟಿ. ಕಥೆಗಳನ್ನು ತಿದ್ದಿ ರೂಪಕ್ಕೆ ತಂದ ಸಂಪಾದಕಿ ಡೊರೊಥಿ ಫಾಂಟಾನ. ಆಕೆ ತನ್ನ ಹೆಸರನ್ನು ಪೂರ್ತಿ ಬರೆಯದೆ 'ಡಿ.ಸಿ.' ಎಂದಷ್ಟೇ ಹಾಕಿಕೊಳ್ಳುತ್ತಿದ್ದಳು. ಹೆಣ್ಣು ಬರೆದದ್ದು ಎಂದು ತಿಳಿದರೆ ಓದುವವರು ಮೊದಲೇ ಮುಖ ತಿರುಗಿಸುವ ಕಾಲ ಅದು.

ಪರೀಕ್ಷೆಗೆಂದು ಮಾಡಿದ ಮೊತ್ತಮೊದಲ ಕಂತಿನಲ್ಲಿ ನೌಕೆಯ ಎರಡನೆಯ ಅಧಿಕಾರ ಒಬ್ಬ ಹೆಂಗಸಿನ ಕೈಯಲ್ಲಿತ್ತು. ಎನ್.ಬಿ.ಸಿ. ವಾಹಿನಿಯವರು ಆ ಕಂತನ್ನು ಒಪ್ಪಲಿಲ್ಲ. ಮತ್ತೆ ಮಾಡಿದ ಕಂತಿನಲ್ಲಿ ಆ ಪಾತ್ರವೇ ಇರಲಿಲ್ಲ.

ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಧಾರಾವಾಹಿಯನ್ನು ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿತು. ಆಗ ಬಿಜೊ ಟ್ರಿಂಬಲ್ ಎಂಬ ಗೃಹಿಣಿ ಗಂಡ ಜಾನ್ ಜೊತೆ ಸೇರಿ ಒಂದು ಕಾಗದ ಚಳವಳಿಯನ್ನು ಹೂಡಿದಳು. ಆಗ ಮನೆಗಳಲ್ಲಿ ಕಂಪ್ಯೂಟರಾಗಲಿ ಮೊಬೈಲಾಗಲಿ ಇರಲಿಲ್ಲ. ವಿಳಾಸಗಳ ಪಟ್ಟಿ, ಸೈಕ್ಲೋಸ್ಟೈಲ್ ಮಾಡಿದ ಹಾಳೆ, ಅಂಚೆಚೀಟಿ, ಇಷ್ಟೇ ಬಂಡವಾಳ. "ನೀವು ಬರೆಯಿರಿ, ನಿಮ್ಮ ಹತ್ತು ಜನ ಸ್ನೇಹಿತರಿಂದ ಬರೆಯಿಸಿರಿ" ಎಂಬುದು ಆ ಚಳವಳಿಯ ಸೂತ್ರ. 1967ರ ಡಿಸೆಂಬರಿನಿಂದ 1968ರ ಮಾರ್ಚಿನೊಳಗೆ ವಾಹಿನಿಗೆ ಒಂದು ಲಕ್ಷಕ್ಕೂ ಮಿಕ್ಕಿ ಕಾಗದಗಳು ಬಂದವು. 1968ರ ಮಾರ್ಚ್ 1ರಂದು, ಕಂತು ಮುಗಿದೊಡನೆ, ಧಾರಾವಾಹಿ ಮುಂದುವರಿಯುತ್ತದೆ ಎಂದು ವಾಹಿನಿಯೇ ಪ್ರಕಟಿಸಿತು.

ಗೆಲುವು ಪೂರ್ತಿಯಾಗಲಿಲ್ಲ. ಮುಂದಿನ ವರ್ಷ ಅದನ್ನು ಶುಕ್ರವಾರ ರಾತ್ರಿ ಹತ್ತು ಗಂಟೆಗೆ, ಯಾರೂ ಮನೆಯಲ್ಲಿಲ್ಲದ ಹೊತ್ತಿಗೆ ದೂಡಿದರು. 79 ಕಂತುಗಳಾಗಿ 1969ರ ಜೂನ್ 3ರಂದು ಅದು ನಿಂತಿತು. ಆದರೆ ಮೂರನೆಯ ವರ್ಷದ ಕಂತುಗಳು ಸೇರಿದ್ದರಿಂದಲೇ ದಿನಕ್ಕೊಂದರಂತೆ ಮರುಪ್ರಸಾರ ಮಾಡಲು ಸಾಕಾಗುವಷ್ಟು ಸರಕು ಸ್ಥಳೀಯ ಕೇಂದ್ರಗಳಿಗೆ ಸಿಕ್ಕಿತು. ಆ ಮರುಪ್ರಸಾರದಿಂದಲೇ ಅದು ಲೋಕಪ್ರಸಿದ್ಧವಾಯಿತು; ಮುಂದೆ ನಮ್ಮ ದೂರದರ್ಶನದವರೆಗೂ ಬಂತು. ಒಬ್ಬ ಗೃಹಿಣಿ ಹಚ್ಚಿದ ಅಂಚೆಚೀಟಿಗೂ ನಮ್ಮ ಚಾವಡಿಯ ಭಾನುವಾರಕ್ಕೂ ಹೀಗೊಂದು ನಂಟು.

ನಮ್ಮ ದೇಶಕ್ಕೂ ಇದು ಹೊಸತಲ್ಲ. 1984ರಲ್ಲಿ 'ಹಮ್ ಲೋಗ್' ಪ್ರಸಾರವಾದಾಗ ದೂರದರ್ಶನಕ್ಕೆ ಲಕ್ಷಗಟ್ಟಲೆ ಕಾಗದಗಳು ಬಂದವು. ಪಾತ್ರಗಳಿಗೆ ಬುದ್ಧಿ ಹೇಳಿದವರು, ಮದುವೆ ಬೇಡವೆಂದು ತಡೆದವರು, ಅತ್ತವರು, ಬೈದವರು ಎಲ್ಲರೂ ಅದರಲ್ಲಿದ್ದರು.

ಅರ್ಥಧಾರಿಯ ಹಾಗೆ

ಕಾಗದ ಬರೆದು ಸುಮ್ಮನಾಗದೆ ಅಮೇರಿಕದ ಆ ಹೆಂಗಸರು ಪತ್ರಿಕೆ ಹೊರಡಿಸಿದರು. 1967ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ದೇವ್ರಾ ಲಾಂಗ್ಸಮ್ ಮತ್ತು ಶೆರ್ನಾ ಕಾಮರ್ಫೋರ್ಡ್ ಎಂಬ ಇಬ್ಬರು 'ಸ್ಪಾಕನೇಲಿಯ' ಎಂಬ ಖಾಸಗಿ ಪತ್ರಿಕೆಯನ್ನು ತಂದರು. ಬರಿಯ ಸ್ಟಾರ್ ಟ್ರೆಕ್ಕಿಗೇ ಮೀಸಲಾದ ಮೊದಲ ಅಭಿಮಾನಿ ಪತ್ರಿಕೆ ಅದು. ಅದರ ಹಿಂದೆಯೇ ಇಂಥವು ಸಾಲಾಗಿ ಬಂದವು. ಬರೆದವರಲ್ಲಿ, ಬೆರಳಚ್ಚು ಮಾಡಿದವರಲ್ಲಿ, ಹಾಳೆ ಜೋಡಿಸಿ ಪಿನ್ನು ಹೊಡೆದವರಲ್ಲಿ ಬಹುಪಾಲು ಹೆಂಗಸರು. ಊಟದ ಮೇಜೇ ಅವರ ಮುದ್ರಣಾಲಯ. 1972ರ ಜನವರಿಯಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಅವರೆಲ್ಲ ಸೇರಿ ಸಮ್ಮೇಳನ ನಡೆಸಿದಾಗ ಕೆಲವು ನೂರು ಜನ ಬರಬಹುದೆಂದು ಎಣಿಸಿದ್ದರು, ಬಂದವರು ಸಾವಿರಗಟ್ಟಲೆ.

ಆ ಪತ್ರಿಕೆಗಳಲ್ಲಿ ಏನು ಬರುತ್ತಿತ್ತು? ಕಂತಿನಲ್ಲಿ ಹೇಳದೆ ಬಿಟ್ಟ ಕಥೆ. ನಾಯಕ ಹೊರಟುಹೋದ ಮೇಲೆ ಆ ಲೋಕದ ಹೆಂಗಸಿನ ಗತಿ ಏನಾಯಿತು? ಸ್ಪಾಕನ ತಾಯಿ ಪರಲೋಕದ ಸಂಸಾರದಲ್ಲಿ ಹೇಗೆ ಬದುಕಿದಳು? ನಮ್ಮ ವಾಚಕರಿಗೆ ಇದನ್ನು ತಿಳಿಯಹೇಳುವುದು ಕಷ್ಟವಲ್ಲ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು. ತಾಳಮದ್ದಲೆಯಲ್ಲಿ ಪದ್ಯ ಕವಿಯದು, ಮಾತು ಅರ್ಥಧಾರಿಯದು. ಪ್ರಸಂಗದ ಎಲ್ಲೆಯನ್ನು ಮೀರದೆಯೇ ವಾಲಿಯ ಬಾಯಿಯಿಂದ ರಾಮನನ್ನು ಪ್ರಶ್ನಿಸಿ ನಿಲ್ಲಿಸುವ ಶಕ್ತಿ ಅರ್ಥಧಾರಿಗಿದೆ. ಆ ಹೆಂಗಸರು ಮಾಡಿದ್ದೂ ಅಂಥದೇ ಕೆಲಸ. ಪ್ರಸಂಗ ವಾಹಿನಿಯದು, ಅರ್ಥ ಅವರದು. ಆಟ ನೋಡಿ ಬಂದ ಮರುದಿನ ಬಾವಿಕಟ್ಟೆಯ ಹತ್ತಿರ ದಮಯಂತಿಯ ಪರವಾಗಿ ನಳನನ್ನು ತರಾಟೆಗೆ ತೆಗೆದುಕೊಳ್ಳುವ ನಮ್ಮ ಅಜ್ಜಿಯಂದಿರಿಗೆ ಕಾಗದ ಲೇಖನಿ ಸಿಕ್ಕಿದ್ದರೆ ಅವರೂ ಇದನ್ನೇ ಬರೆಯುತ್ತಿದ್ದರು.

ಅವರು ತಮ್ಮನ್ನು ತಾವೇ ನಗಲೂ ಬಲ್ಲವರಾಗಿದ್ದರು. 1973ರಲ್ಲಿ ಪೌಲಾ ಸ್ಮಿತ್ ಎಂಬಾಕೆ ಒಂದು ಪುಟ್ಟ ಅಣಕು ಕಥೆ ಬರೆದಳು. ಅದರ ನಾಯಕಿ ಮೇರಿ ಸೂ, ಹದಿನೈದೂವರೆ ವರ್ಷದ ಅಧಿಕಾರಿಣಿ. ರೂಪದಲ್ಲಿ, ಬುದ್ಧಿಯಲ್ಲಿ, ಶೌರ್ಯದಲ್ಲಿ ಅವಳನ್ನು ಮೀರಿಸುವವರಿಲ್ಲ. ಎಳೆಯ ಲೇಖಕಿಯರು ತಮ್ಮನ್ನೇ ಕಥೆಯೊಳಗೆ ಕೂರಿಸಿ ಮೆರೆಸುವ ಚಾಳಿಗೆ ಹಾಕಿದ ಚುಚ್ಚು ಅದು. ಆದರೆ ಆ ಹೆಸರು ಮುಂದೆ ಮನೆಯ ಹೊರಗೆ ಹೋಯಿತು. ಸಮರ್ಥಳಾದ ಯಾವ ನಾಯಕಿ ಬಂದರೂ "ಇವಳೊಬ್ಬಳು ಮೇರಿ ಸೂ" ಎಂದು ಹೀಗಳೆಯಲು ಗಂಡಸರು ಅದನ್ನು ಬಳಸಿದರು. ಅಕ್ಕತಂಗಿಯರ ನಡುವಿನ ಕೀಟಲೆಯನ್ನು ಬೀದಿಯವರು ಬೈಗುಳ ಮಾಡಿಕೊಂಡಂತೆ.

ಎರಡು ಮನೆಗಳ ನಡುವಿನ ಸ್ಪಾಕ್

ಇಷ್ಟು ಮೆಚ್ಚುವುದಕ್ಕೆ ಆ ಕಥೆಯಲ್ಲಿ ಏನಿತ್ತು ಎಂದು ಕೇಳಬಹುದು. ಹೆಂಗಸರಿಗೆ ಅಲ್ಲಿ ನ್ಯಾಯ ಸಿಕ್ಕಿತೆಂದು ಹೇಳುವಂತಿಲ್ಲ. ಅವರಿಗೆ ಮೊಣಕಾಲಿಗಿಂತ ಬಹಳ ಮೇಲಿನ ಲಂಗದ ಸಮವಸ್ತ್ರ. ಕೊಟ್ಟ ಕೆಲಸ ಬಹುತೇಕ ಕರೆ ಸ್ವೀಕರಿಸುವುದು, ಶುಶ್ರೂಷೆ ಮಾಡುವುದು. ಕೊನೆಯ ಕಂತಿನ ಕಥೆಯಂತೂ ನೌಕೆಯ ನಾಯಕತ್ವ ಹೆಣ್ಣಿಗೆ ಇಲ್ಲ ಎಂಬ ಮಾತಿನ ಮೇಲೆಯೇ ನಿಂತಿದೆ. ಅಭಿಮಾನಿ ಹೆಂಗಸರು ಇದನ್ನು ಕಾಣದವರಲ್ಲ. ಮೆಚ್ಚುತ್ತಲೇ ಜಗಳವಾಡಿದರು.

ಮೆಚ್ಚಿದ್ದಕ್ಕೂ ಕಾರಣವಿತ್ತು. ಸ್ಪಾಕನ ತಾಯಿ ಭೂಮಿಯವಳು, ತಂದೆ ಬೇರೆ ಗ್ರಹದವನು. ಅಲ್ಲಿ ಹೋದರೆ ಅರ್ಧ ಮನುಷ್ಯ, ಇಲ್ಲಿ ಬಂದರೆ ಅರ್ಧ ಪರಕೀಯ. 1968ರಲ್ಲಿ ಕಪ್ಪು ತಾಯಿ, ಬಿಳಿ ತಂದೆಯ ಒಬ್ಬ ಹುಡುಗಿ, ಎರಡು ಕಡೆಯವರೂ ತನ್ನನ್ನು ಸೇರಿಸಿಕೊಳ್ಳುವುದಿಲ್ಲವೆಂದು ಮಕ್ಕಳ ಪತ್ರಿಕೆಯೊಂದರ ಮೂಲಕ ಸ್ಪಾಕನಿಗೇ ಕಾಗದ ಬರೆದಳು. ಆ ಪಾತ್ರ ಮಾಡುತ್ತಿದ್ದ ಲಿಯೊನಾರ್ಡ್ ನಿಮೋಯ್ ಅದಕ್ಕೆ ದೀರ್ಘವಾಗಿ ಉತ್ತರಿಸಿದರು. ಎಳೆಯನಾಗಿದ್ದಾಗ ಸ್ಪಾಕನಿಗೂ ಇದೇ ನೋವಿತ್ತು. ಜನರ ಮೆಚ್ಚುಗೆಗಾಗಿ ಕಾಯುವುದಕ್ಕಿಂತ ತನ್ನ ಯೋಗ್ಯತೆಯನ್ನು ತಾನು ಅರಿತು ಬೆಳೆಯುವುದೇ ದಾರಿಯೆಂದು ಅವನು ಕಂಡುಕೊಂಡ ಎಂಬುದು ಆ ಉತ್ತರದ ಸಾರ.

ಶಾಲೆಯಲ್ಲಿ ಒಂದು ಭಾಷೆ, ಮನೆಯಲ್ಲಿ ಒಂದು ಭಾಷೆ. ಗಡಿಯಾಚೆ ಹೋದರೆ "ನೀವು ಕೇರಳದವರು", ಈಚೆ ಇದ್ದರೆ "ನೀವು ಕನ್ನಡದವರು" ಎಂದು ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಸ್ಪಾಕನ ಪರಿಚಯ ಬೇರೆ ಮಾಡಿಕೊಡಬೇಕೆ? ನೀಲಗಿರಿಯಲ್ಲಿಯೂ ಹಾಗೆಯೇ. ಬಡಗರ ನುಡಿ ಕನ್ನಡಕ್ಕೆ ಹತ್ತಿರದ್ದು. ಬಡಗಣದಿಂದ, ಎಂದರೆ ಮೈಸೂರು ಕಡೆಯಿಂದ, ಬಂದವರೆಂಬುದನ್ನು ಅವರ ಹೆಸರೇ ಹೇಳುತ್ತದೆ. ಆದರೂ ಅದು ಕನ್ನಡದ ಉಪಭಾಷೆಯಲ್ಲ, ತಮ್ಮದೇ ಬೇರೆ ಭಾಷೆ ಎನ್ನುವವರು ಅವರಲ್ಲಿದ್ದಾರೆ. ಎರಡು ಮನೆಗಳ ನಡುವೆ ನಿಂತವರ ಮಾತನ್ನು ಹೊರಗಿನವರು ತೀರ್ಮಾನಿಸಲಾಗದು.

ಪರದೆಯಿಂದ ಆಕಾಶಕ್ಕೆ

ನೌಕೆಯ ಸಂಪರ್ಕಾಧಿಕಾರಿ ಉಹುರಾ ಎಂಬ ಕರಿಯ ಹೆಂಗಸು. ಸ್ವಾಹಿಲಿ ಭಾಷೆಯಲ್ಲಿ 'ಉಹುರು' ಎಂದರೆ ಸ್ವಾತಂತ್ರ್ಯ. ಆ ಪಾತ್ರ ಮಾಡಿದ ನಿಶೆಲ್ ನಿಕೊಲ್ಸ್ ಮೊದಲ ವರ್ಷದ ಕೊನೆಗೆ ಬಿಟ್ಟುಬಿಡಬೇಕೆಂದಿದ್ದರು. ಆಗ ಭೇಟಿಯಾದ ಮಾರ್ಟಿನ್ ಲೂಥರ್ ಕಿಂಗ್ ಅವರು, ತಮ್ಮ ಜನ ಗೌರವದ ಸ್ಥಾನದಲ್ಲಿರುವುದನ್ನು ಲೋಕ ಕಾಣುತ್ತಿದೆ, ಬಿಡಬೇಡಿರೆಂದು ತಡೆದರೆಂದು ಆಕೆ ಹೇಳಿಕೊಂಡಿದ್ದಾರೆ. ಆಕೆ ಉಳಿದರು. 1977ರಲ್ಲಿ ನಾಸಾ ಸಂಸ್ಥೆಗಾಗಿ ಊರೂರು ತಿರುಗಿ, ಹೆಂಗಸರೂ ಕರಿಯರೂ ಗಗನಯಾತ್ರಿಗಳಾಗಲು ಅರ್ಜಿ ಹಾಕಿರೆಂದು ಕರೆದರು. 1978ರಲ್ಲಿ ಆಯ್ಕೆಯಾದ 35 ಮಂದಿಯಲ್ಲಿ ಆರು ಜನ ಹೆಂಗಸರಿದ್ದರು. ನಿಕೊಲ್ಸ್ 2022ರಲ್ಲಿ ತೀರಿಕೊಂಡರು.

ಉಹುರಾಳನ್ನು ನೋಡಿ ಬೆಳೆದ ಹುಡುಗಿಯರಲ್ಲಿ ಮೇ ಜೆಮಿಸನ್ ಒಬ್ಬಳು. ವೈದ್ಯೆಯಾದ ಆಕೆ 1992ರ ಸೆಪ್ಟೆಂಬರ್ 12ರಂದು 'ಎಂಡೆವರ್' ನೌಕೆಯಲ್ಲಿ ಏರಿ ಅಂತರಿಕ್ಷಕ್ಕೆ ಹೋದ ಮೊದಲ ಕರಿಯ ಮಹಿಳೆಯಾದಳು. ಅಲ್ಲಿ ಪ್ರತಿ ಪಾಳಿಯನ್ನೂ ಉಹುರಾಳ ಮಾತಿನಿಂದಲೇ ಆರಂಭಿಸುತ್ತಿದ್ದಳು. 1993ರಲ್ಲಿ ಸ್ಟಾರ್ ಟ್ರೆಕ್ ಮಾಲಿಕೆಯ ಒಂದು ಕಂತಿನಲ್ಲಿ ನಟಿಸಿ, ನಿಜವಾಗಿ ಅಂತರಿಕ್ಷಕ್ಕೆ ಹೋಗಿಬಂದು ಆ ಕಥೆಯೊಳಗೆ ಹೊಕ್ಕ ಮೊದಲಿಗಳಾದಳು.

ಅಮೇರಿಕದ ಮಾತು ಸಾಕು. ಬೆಂಗಳೂರಿಗೆ ಬರೋಣ. ನಮ್ಮ ಮಂಗಳಯಾನದ ಉಪ ಕಾರ್ಯಾಚರಣಾ ನಿರ್ದೇಶಕಿಯಾಗಿದ್ದವರು ಇಸ್ರೋದ ನಂದಿನಿ ಹರಿನಾಥ್. ತಾಯಿ ಗಣಿತದ ಶಿಕ್ಷಕಿ, ತಂದೆ ಇಂಜಿನಿಯರ್. ತಮಗೆ ವಿಜ್ಞಾನದ ಮೊದಲ ಪರಿಚಯವಾದುದು ಟಿ.ವಿ.ಯಲ್ಲಿ ಸ್ಟಾರ್ ಟ್ರೆಕ್ ನೋಡುವುದರಿಂದ, ಮನೆಮಂದಿಯೆಲ್ಲ ಅದನ್ನು ಇಷ್ಟಪಟ್ಟು ನೋಡುತ್ತಿದ್ದೆವು ಎಂದು ಅವರು ಬಹಿರಂಗವಾಗಿ ಹೇಳಿದ್ದಾರೆ. 2013ರ ನವೆಂಬರ್ 5ರಂದು ಹೊರಟ ನೌಕೆ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತು. ಭೂಮಿಯಿಂದ ಒಂದು ಮಾತು ಅಲ್ಲಿಗೆ ಮುಟ್ಟಲು ಅಂದು ಹನ್ನೆರಡು ನಿಮಿಷಗಳಷ್ಟು ಬೇಕಾಗಿತ್ತು. ಏನಾದರೂ ತಪ್ಪಿದರೆ ತಿಳಿಯುವಾಗಲೇ ಹೊತ್ತು ಮೀರಿರುತ್ತದೆ. ಆದ್ದರಿಂದ ಮಾಡಬೇಕಾದುದೆಲ್ಲವನ್ನೂ ಮೊದಲೇ ನೌಕೆಗೆ ಕಲಿಸಿಟ್ಟು ಕಾಯಬೇಕಾಗಿತ್ತು. ಅದರ ಕ್ಷೀಣ ಧ್ವನಿಯನ್ನು ಹಿಡಿದ ಕಿವಿಗಳಲ್ಲೊಂದು ಬೆಂಗಳೂರಿನ ಹತ್ತಿರದ ಬ್ಯಾಲಾಳು ಎಂಬ ಹಳ್ಳಿಯ 32 ಮೀಟರ್ ವ್ಯಾಸದ ಆಂಟೆನಾ. ಆರು ತಿಂಗಳ ಕೆಲಸಕ್ಕೆಂದು ಹೋದ ನೌಕೆ ಏಳು ವರ್ಷಕ್ಕೂ ಮಿಕ್ಕಿ ದುಡಿದು 2022ರಲ್ಲಿ ಸಂಪರ್ಕ ಕಳೆದುಕೊಂಡಿತು.

ಆ ದಿನ ಸೀರೆಯುಟ್ಟ, ಹೂ ಮುಡಿದ ಹೆಂಗಸರು ಸಂಭ್ರಮಿಸುವ ಚಿತ್ರವೊಂದು ಲೋಕವನ್ನೆಲ್ಲ ಸುತ್ತಿತು. ಅವರು ವಿಜ್ಞಾನಿಗಳಲ್ಲ, ಕಚೇರಿಯ ಸಿಬ್ಬಂದಿ ಎಂದು ಆಮೇಲೆ ಇಸ್ರೋ ತಿಳಿಸಿತು. ಮಹಿಳಾ ವಿಜ್ಞಾನಿಗಳು ನಿಯಂತ್ರಣ ಕೊಠಡಿಯಲ್ಲಿ ಬೇರೆಯೇ ಇದ್ದರೆಂದೂ ಹೇಳಿತು. ಚಿತ್ರ ಸುಳ್ಳೆಂದು ಕೆಲವರು ನಕ್ಕರು. ನಮಗೆ ಹಾಗೆ ತೋರುವುದಿಲ್ಲ. ಲೆಕ್ಕ ಮಾಡಿದವಳಿಗೂ ಕಡತ ಬರೆದವಳಿಗೂ ಆ ಗೆಲುವಿನಲ್ಲಿ ಪಾಲುಂಟು. ಹಾಗೆಯೇ, ಆಕಾಶದ ಕಥೆ ನೋಡಿದವರೆಲ್ಲ ಗಗನಯಾತ್ರಿಗಳಾಗಬೇಕೆಂಬ ಹರಕೆಯೇನೂ ಇಲ್ಲ. ದೋಸೆ ಮಗುಚುತ್ತಲೇ ಬಾಗಿಲಿಗೊರಗಿ ನೋಡಿ, ನೋಡಿ ಸಂತೋಷಪಟ್ಟ ಹೆಂಗಸಿನ ಸಂತೋಷಕ್ಕೆ ಬೇರೆ ಸಮರ್ಥನೆ ಬೇಕಾಗಿಲ್ಲ.

ನಮ್ಮ ಕೈಯಲ್ಲಿರುವುದು

ಈಗ ಆಂಟೆನಾ ತಿರುಗಿಸುವ ಕಾಲ ಹೋಯಿತು. ಬೇಕಾದ ಕಥೆ ಬೇಕಾದ ಹೊತ್ತಿಗೆ ಅಂಗೈಯಲ್ಲಿದೆ. ಬಾಗಿಲಿಗೊರಗುವ ಅಗತ್ಯ ಯಾರಿಗೂ ಇಲ್ಲ. ಆದರೆ ಒಟ್ಟಿಗೆ ನೋಡಿ ಒಟ್ಟಿಗೆ ಜಗಳವಾಡುವ ಸುಖವೂ ಕಡಿಮೆಯಾಗಿದೆ, ನೋಡಿದ್ದನ್ನು ಬರೆದಿಡುವ ರೂಢಿಯಂತೂ ಇನ್ನೂ ಕಡಿಮೆ. ಅಮೇರಿಕದ ಆ ಹೆಂಗಸರ ಊಟದ ಮೇಜಿನ ಪತ್ರಿಕೆಗಳು ಇಂದು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಜೋಪಾನವಾಗಿವೆ. ಬರೆದದ್ದರಿಂದ ಅವರು ಉಳಿದರು.

ಕನ್ನಡದ ಹೆಂಗಸರಿಗೆ ಇದು ಪರರ ಪಾಠವಲ್ಲ. ಬಾಲವಿಧವೆಯಾದ ನಂಜನಗೂಡು ತಿರುಮಲಾಂಬಾ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿಯೇ ಗ್ರಂಥಮಾಲೆ ನಡೆಸಿ, ಪತ್ರಿಕೆ ಹೊರಡಿಸಿದವರು. ಅಲ್ಪಸಂಖ್ಯಾತರಾದ ನಮಗಂತೂ ಬರೆದದ್ದೇ ಆಸ್ತಿ. ನಮ್ಮ ಶಾಲೆಗಳ ಕೈಬರಹದ ಪತ್ರಿಕೆಗಳು, ಆಕಾಶವಾಣಿಗೆ ಬರೆದ ಕಾಗದಗಳು, ಕನ್ನಡ ಕಾರ್ಯಕ್ರಮ ಬೇಕೆಂದು ಸಲ್ಲಿಸಿದ ಮನವಿಗಳು ಎಲ್ಲವೂ ಇದೇ ಜಾತಿಯವು. ಲಕ್ಷ ಕಾಗದಗಳಿಗೆ ಬಗ್ಗಿದ ವಾಹಿನಿಯ ಕಥೆ ನಮಗೆ ಹೇಳುವುದು ಇಷ್ಟೇ: ನೋಡುವವರು ಸುಮ್ಮನಿದ್ದರೆ ಅವರಿಗೆ ಏನು ಬೇಕೆಂಬುದನ್ನು ಬೇರೆಯವರು ತೀರ್ಮಾನಿಸುತ್ತಾರೆ.

ಭಾನುವಾರ ಬೆಳಗಿನ ಆ ನೌಕೆಯನ್ನು ನೋಡಿದ ಅಕ್ಕಂದಿರು, ಅತ್ತಿಗೆಯರು, ಚಿಕ್ಕಮ್ಮಂದಿರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಯಾವ ಮನೆಯಲ್ಲಿ ನೋಡಿದಿರಿ, ಯಾರು ಅರ್ಥ ಹೇಳಿದರು, ತಿಳಿಯದ ಮಾತಿಗೆ ನೀವೇ ಏನು ಅರ್ಥ ಕಟ್ಟಿಕೊಂಡಿರಿ, ಒಂದು ಹಾಳೆಯಲ್ಲಿ ಬರೆದಿಡಿರಿ. ಅಕ್ಷರ ಓರೆಯಾದರೂ ಚಿಂತಿಲ್ಲ. ನಮಗೆ ಕಳುಹಿಸಿಕೊಟ್ಟರೆ ಸ್ಥಳ ಮಾಡಿ ಅಚ್ಚು ಹಾಕುವ ಹೊಣೆ ನಮ್ಮದು.